ಇಂಗ್ಲಿಷ್ ಕಾವ್ಯವನ್ನು ಕಿವಿಗೊಟ್ಟು ಕೇಳುವ ಕ್ರಮ

ನಮ್ಮಲ್ಲಿ ಇಂಗ್ಲಿಷ್ ಕಾವ್ಯದ ಪರಿಚಯವಿರುವವರಲ್ಲಿ ಬಹುಪಾಲು ಜನ ಅದನ್ನು ಪಠ್ಯಪುಸ್ತಕದಲ್ಲಿ, ಪರೀಕ್ಷೆಯ ಸಾರಾಂಶಕ್ಕಾಗಿ, ಕಣ್ಣಿನಿಂದ ಮಾತ್ರ ಓದಿದವರು. ವರ್ಡ್ಸ್‌ವರ್ತ್ ಬರೆದ ಡ್ಯಾಫಡಿಲ್ ಹೂಗಳ ಕವಿತೆಯ ತಾತ್ಪರ್ಯವನ್ನು ಇಂದಿಗೂ ಹೇಳಬಲ್ಲವರು ಸಾಕಷ್ಟು ಮಂದಿ ಇದ್ದಾರೆ. ಆದರೆ ಆ ಕವಿತೆಯ ಸಾಲು ಹೇಗೆ ನಡೆಯುತ್ತದೆ, ಯಾವ ಪದದ ಮೇಲೆ ದನಿ ಏರುತ್ತದೆ, ಎಲ್ಲಿ ಉಸಿರಿಗೆ ಬಿಡುವು ಸಿಗುತ್ತದೆ ಎಂಬುದು ಅವರ ಕಿವಿಗೆ ಬಿದ್ದಿರುವುದು ಅಪರೂಪ. ಕುಮಾರವ್ಯಾಸನನ್ನು ಮನಸ್ಸಿನೊಳಗೇ ಓದಿಕೊಳ್ಳುವುದಕ್ಕೂ ಒಳ್ಳೆಯ ಗಮಕಿಯ ಬಾಯಲ್ಲಿ ಕೇಳುವುದಕ್ಕೂ ಎಷ್ಟು ದೂರವಿದೆಯೆಂದು ನಮಗೆ ಗೊತ್ತು. ಇಂಗ್ಲಿಷ್ ಕಾವ್ಯದಲ್ಲಿಯೂ ಅಷ್ಟೇ ದೂರವಿದೆ. ಅದನ್ನು ದಾಟಲು ಇಂಗ್ಲಿಷ್ ಸಾಹಿತ್ಯದ ಪದವಿ ಬೇಕಿಲ್ಲ. ಒಂದು ಮೊಬೈಲು, ಕಿವಿಗೆ ಸರಿಯಾಗಿ ಕೂರುವ ಇಯರ್‌ಫೋನು ಮತ್ತು ಒಂದೇ ಕವಿತೆಯನ್ನು ಹಲವು ಸಲ ಕೇಳುವ ತಾಳ್ಮೆ ಇದ್ದರೆ ಸಾಕು.

ಕಿವಿ ಏನನ್ನು ಹಿಡಿಯಬೇಕು

ಕೇಳಲು ಕೂರುವ ಮೊದಲು ಒಂದು ವಿಷಯವನ್ನು ಸ್ಪಷ್ಟಪಡಿಸಿಕೊಳ್ಳಬೇಕು, ಏಕೆಂದರೆ ಮುಂದಿನ ಎಲ್ಲ ಹಂತಗಳೂ ಅದರ ಮೇಲೆಯೇ ನಿಂತಿವೆ. ಕನ್ನಡದ ಛಂದಸ್ಸು ನಡೆಯುವುದು ಕಾಲದ ಅಳತೆಯ ಮೇಲೆ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಭಾಮಿನಿ ಷಟ್ಪದಿಯಲ್ಲಿ ಮೂರು ಮತ್ತು ನಾಲ್ಕು ಮಾತ್ರೆಗಳ ಗಣಗಳು ಒಂದರ ಹಿಂದೊಂದು ಬರುವುದನ್ನು ಛಂದಸ್ಸಿನ ಪಾಠ ಕೇಳದವರ ಕಿವಿಯೂ ಗುರುತಿಸುತ್ತದೆ. ಇಂಗ್ಲಿಷ್ ಪದ್ಯ ನಡೆಯುವುದು ದನಿಯ ಒತ್ತಿನ ಮೇಲೆ. ಪದದ ಒಂದು ಅಕ್ಷರ (ಇಲ್ಲಿ ಅಕ್ಷರವೆಂದರೆ ಒಮ್ಮೆಗೇ ನುಡಿಯುವ ತುಣುಕು, ಇಂಗ್ಲಿಷಿನ ಸಿಲೆಬಲ್) ಬಲವಾಗಿ ಬಂದರೆ ಅದರ ಅಕ್ಕಪಕ್ಕದ ಅಕ್ಷರಗಳು ಕುಗ್ಗಿ ಮಸುಕಾಗುತ್ತವೆ. ಕನ್ನಡದಲ್ಲಿ ಹೀಗೆ ಪದಕ್ಕೆ ಅಂಟಿಕೊಂಡ ಒತ್ತು ಇಲ್ಲದ ಕಾರಣ ನಾವು ಇಂಗ್ಲಿಷನ್ನು ಓದುವಾಗ ಎಲ್ಲ ಅಕ್ಷರಗಳಿಗೂ ಹೆಚ್ಚುಕಡಿಮೆ ಸಮನಾದ ತೂಕ ಕೊಡುತ್ತೇವೆ. ಆಗ ಅರ್ಥಕ್ಕೆ ಹೆಚ್ಚಿನ ಧಕ್ಕೆ ಆಗದಿರಬಹುದು, ಆದರೆ ಪದ್ಯದ ನಡಿಗೆ ಪೂರ್ತಿ ಅಳಿಸಿಹೋಗುತ್ತದೆ.

ಇಂಗ್ಲಿಷ್ ವಾಚನವನ್ನು ಕೇಳುವಾಗ ‘ಗೊತ್ತಿರುವ ಪದಗಳೇ ಆದರೂ ಕಿವಿಗೆ ಸಿಗುವುದಿಲ್ಲ’ ಎಂದು ಅನೇಕರು ಹೇಳುವುದಕ್ಕೂ ಇದೇ ಕಾರಣ. ಆಫ್, ಅಂಡ್, ಟು, ದ ಮೊದಲಾದ ಸಣ್ಣ ಪದಗಳನ್ನು ಒತ್ತಿಲ್ಲದ ಜಾಗದಲ್ಲಿ ಇಂಗ್ಲಿಷರು ಅರ್ಧ ನುಂಗಿಬಿಡುತ್ತಾರೆ; ಆಫ್ ಎಂಬುದು ಕೇವಲ ಅವ್ ಆಗುತ್ತದೆ, ಅಂಡ್ ಎಂಬುದು ಅನ್ ಆಗುತ್ತದೆ. ಇದು ಕೇಳುವವರ ಇಂಗ್ಲಿಷಿನ ಕೊರತೆಯಲ್ಲ. ಕಿವಿ ಪ್ರತಿಯೊಂದು ಅಕ್ಷರವನ್ನೂ ಹುಡುಕುತ್ತಿರುವುದರಿಂದ ಒತ್ತು ಬಿದ್ದ ಅಕ್ಷರಗಳನ್ನೂ ಕಳೆದುಕೊಳ್ಳುತ್ತದೆ. ಬಲವಾದ ಅಕ್ಷರಗಳನ್ನು ಮಾತ್ರ ಹಿಡಿಯುತ್ತಾ ಹೋದರೆ ಉಳಿದವು ಕ್ರಮೇಣ ತಾವಾಗಿಯೇ ತಿಳಿಯುತ್ತವೆ.

ಮೊದಲ ಹಂತ: ಕವಿತೆ ಮತ್ತು ಧ್ವನಿಮುದ್ರಣದ ಆಯ್ಕೆ

ಆರಂಭಕ್ಕೆ ಥಾಮಸ್ ಗ್ರೇ 1751ರಲ್ಲಿ ಪ್ರಕಟಿಸಿದ, ಹಳ್ಳಿಯ ಚರ್ಚಿನ ಸ್ಮಶಾನದಲ್ಲಿ ಕುಳಿತು ಬರೆದಂತಿರುವ ಎಲಿಜಿಯನ್ನು, ಅಂದರೆ ಶೋಕಗೀತವನ್ನು, ನಾನು ಸೂಚಿಸುತ್ತೇನೆ. ಅದರ ಮಾತು ಸ್ಪಷ್ಟವಾಗಿದೆ, ಸಾಲುಗಳ ಅಳತೆ ಕಟ್ಟುನಿಟ್ಟಾಗಿದೆ, ಒಂದು ಮತ್ತು ಮೂರನೆಯ ಸಾಲು, ಎರಡು ಮತ್ತು ನಾಲ್ಕನೆಯ ಸಾಲು ಪ್ರಾಸದಲ್ಲಿ ಕೂಡಿಕೊಳ್ಳುತ್ತವೆ. ಪೂರ್ತಿ ಕವಿತೆಯಲ್ಲಿ 128 ಸಾಲುಗಳಿವೆ. ಮೊದಲಿಗೆ ಅಷ್ಟನ್ನೂ ಕೇಳಬೇಕಾಗಿಲ್ಲ, ಆರಂಭದ ನಾಲ್ಕು ಪದ್ಯಗಳು ಸಾಕು. ಆ ನಾಲ್ಕರಲ್ಲಿ ಸಂಜೆಯಾಗುತ್ತದೆ, ದನಗಳು ಮನೆಗೆ ಮರಳುತ್ತವೆ, ಉಳುವವನು ದಣಿದು ನಡೆಯುತ್ತಾನೆ, ಹಳ್ಳಿಯ ಹಿರಿಯರು ಮಣ್ಣಿನೊಳಗೆ ಮಲಗಿರುವ ನೋಟಕ್ಕೆ ಬಂದು ನಿಲ್ಲುತ್ತೇವೆ. ಹಿನ್ನೆಲೆ ತಿಳಿಯದೆಯೂ ಚಿತ್ರ ಮನಸ್ಸಿಗೆ ಬರುತ್ತದೆ.

ಧ್ವನಿಮುದ್ರಣಗಳು ಎಲ್ಲಿ ಸಿಗುತ್ತವೆ ಎಂಬ ಪ್ರಶ್ನೆಗೆ ಮೊದಲ ಉತ್ತರ ಲಿಬ್ರಿವಾಕ್ಸ್. 2005ರಲ್ಲಿ ಆರಂಭವಾದ ಈ ಯೋಜನೆಯಲ್ಲಿ ಸ್ವಯಂಸೇವಕರು ಹಕ್ಕುಸ್ವಾಮ್ಯ ಮುಗಿದ ಕೃತಿಗಳನ್ನು ಓದಿ ಉಚಿತವಾಗಿ ಬಿಟ್ಟಿದ್ದಾರೆ. ಕಡತವನ್ನು ಇಳಿಸಿಕೊಂಡರೆ ಅಂತರಜಾಲ ಇಲ್ಲದಾಗಲೂ ಕೇಳಬಹುದು. ಓದುವವರು ವೃತ್ತಿಪರರಲ್ಲವಾದ್ದರಿಂದ ಗುಣಮಟ್ಟ ಒಂದೇ ಸಮನಾಗಿರುವುದಿಲ್ಲ. ಆದರೆ ಅಲ್ಲಿ ಒಂದೇ ಸಣ್ಣ ಕವಿತೆಯನ್ನು ಬೇರೆ ಬೇರೆ ದೇಶಗಳ ಹಲವರು ಓದಿರುವ ಸಂಗ್ರಹಗಳಿವೆ, ಅಂತಹ ಸಂಪತ್ತು ಬೇರೆ ಕಡೆ ಸುಲಭವಾಗಿ ದೊರೆಯದು. ಎರಡನೆಯದು, ಕವಿ ಆ್ಯಂಡ್ರೂ ಮೋಷನ್ ಮತ್ತು ಧ್ವನಿಮುದ್ರಣ ಕ್ಷೇತ್ರದ ರಿಚರ್ಡ್ ಕ್ಯಾರಿಂಗ್ಟನ್ ಸೇರಿ ಬ್ರಿಟನ್ನಿನಲ್ಲಿ ಕಟ್ಟಿದ ಪೊಯೆಟ್ರಿ ಆರ್ಕೈವ್. ಕವಿಗಳು ತಮ್ಮ ಕವಿತೆಯನ್ನು ತಾವೇ ಓದಿರುವುದನ್ನು ಕೇಳಲು ಅಲ್ಲಿಗೆ ಹೋಗಬೇಕು. ಕವಿತೆಯ ಪಠ್ಯಕ್ಕೆ ಪ್ರಾಜೆಕ್ಟ್ ಗುಟೆನ್‌ಬರ್ಗ್ ಎಂಬ ಉಚಿತ ಪುಸ್ತಕಗಳ ಜಾಲತಾಣ ಇದೆ.

ಆಯ್ಕೆಯಲ್ಲಿ ಎರಡು ವಿಷಯಗಳಲ್ಲಿ ಮಾತ್ರ ಕಟ್ಟುನಿಟ್ಟಾಗಿರಿ. ಹಿನ್ನೆಲೆಯಲ್ಲಿ ಪಿಯಾನೊ, ಮಳೆ, ಹಕ್ಕಿಯ ದನಿ ಸೇರಿಸಿದ ಮುದ್ರಣಗಳನ್ನು ಬಿಟ್ಟುಬಿಡಿ. ಆ ಸಂಗೀತಕ್ಕೆ ತನ್ನದೇ ಲಯವಿರುತ್ತದೆ, ಅದು ಪದ್ಯದ ಲಯವನ್ನು ಮುಚ್ಚಿಹಾಕುತ್ತದೆ. ಹಾಗೆಯೇ, ಪಾಡ್‌ಕಾಸ್ಟುಗಳನ್ನು ಒಂದೂವರೆ ಪಟ್ಟು ವೇಗದಲ್ಲಿ ಕೇಳುವ ಅಭ್ಯಾಸವಿದ್ದರೆ ಇಲ್ಲಿ ವೇಗವನ್ನು ಸಹಜಕ್ಕೆ ಇಳಿಸಿ. ಪದ್ಯದಲ್ಲಿ ಬಿಡುವೂ ಕವಿತೆಯ ಭಾಗವೇ. ವೇಗ ಹೆಚ್ಚಿಸಿದಾಗ ಮೊದಲು ಸಾಯುವುದು ಅದು.

ಎರಡನೆಯ ಹಂತ: ನಾಲ್ಕು ಬಗೆಯ ಕೇಳಿಕೆ

ಮೊದಲ ಸಲ ಪಠ್ಯವನ್ನು ನೋಡದೆ ಕೇಳಿ. ಅರ್ಥವಾಗದ ಪದ ಬಂದರೆ ನಿಲ್ಲಿಸಬೇಡಿ, ನಿಘಂಟನ್ನು ತೆರೆಯಬೇಡಿ. ದನಿ ಎಲ್ಲಿ ಏರಿತು, ಎಲ್ಲಿ ತಂಗಿತು, ಒಟ್ಟು ಕವಿತೆ ಅವಸರದಲ್ಲಿದೆಯೋ ನಿಧಾನದಲ್ಲಿದೆಯೋ ಎಂಬಷ್ಟು ಮಾತ್ರ ಗಮನಿಸಿ.

ಎರಡನೆಯ ಸಲ ಪಠ್ಯವನ್ನು ಎದುರಿಗಿಟ್ಟುಕೊಂಡು, ಬೆರಳಿನಿಂದ ಮೇಜಿನ ಮೇಲೆ ಮೆಲ್ಲಗೆ ತಟ್ಟುತ್ತಾ ಕೇಳಿ. ಗ್ರೇಯ ಮೊದಲ ಸಾಲು ‘ದ ಕರ್ಫ್ಯೂ ಟೋಲ್ಸ್ ದ ನೆಲ್ ಆಫ್ ಪಾರ್ಟಿಂಗ್ ಡೇ’ ಎಂದಿದೆ. ಇದರಲ್ಲಿ ಹತ್ತು ಅಕ್ಷರಗಳು, ಐದು ಒತ್ತುಗಳು: ಕರ್, ಟೋಲ್ಸ್, ನೆಲ್, ಪಾರ್, ಡೇ. ಒತ್ತಿಲ್ಲದ ಒಂದು ಅಕ್ಷರ, ಅದರ ಬೆನ್ನಿಗೆ ಒತ್ತುಳ್ಳ ಒಂದು ಅಕ್ಷರ, ಹೀಗೆ ಐದು ಜೋಡಿಗಳು. ಐಯಾಂಬಿಕ್ ಪೆಂಟಾಮೀಟರ್ ಎಂದು ತರಗತಿಯಲ್ಲಿ ಹೇಳಿಕೊಟ್ಟ ಅಳತೆ ಇದೇ. ಶೇಕ್ಸ್‌ಪಿಯರನ ಸಾನೆಟ್ಟುಗಳೂ ಮಿಲ್ಟನ್ನನ ಮಹಾಕಾವ್ಯವೂ ಬಹುಮಟ್ಟಿಗೆ ಇದರಲ್ಲೇ ಇರುವುದರಿಂದ ಈ ಒಂದು ಸಾಲನ್ನು ಕಿವಿ ಚೆನ್ನಾಗಿ ಹಿಡಿದರೆ ಇಂಗ್ಲಿಷ್ ಕಾವ್ಯದ ಬಹುದೊಡ್ಡ ಪಾಲಿಗೆ ಬಾಗಿಲು ತೆರೆಯುತ್ತದೆ.

ಎರಡನೆಯ ಸಾಲಿನಲ್ಲಿ ಸ್ವಲ್ಪ ನಿಲ್ಲಬೇಕು: ‘ದ ಲೋಯಿಂಗ್ ಹರ್ಡ್ ವೈಂಡ್ ಸ್ಲೋಲಿ ಓರ್ ದ ಲೀ’. ಇಲ್ಲಿಯೂ ಅಕ್ಷರಗಳು ಹತ್ತೇ. ಆದರೆ ಲೆಕ್ಕದ ಪ್ರಕಾರ ಹಗುರವಾಗಿರಬೇಕಾದ ಜಾಗದಲ್ಲಿ ವೈಂಡ್ ಎಂಬ ಭಾರವಾದ ಕ್ರಿಯಾಪದ ಕುಳಿತಿದೆ. ಹರ್ಡ್, ವೈಂಡ್, ಸ್ಲೋ ಎಂದು ಮೂರು ಭಾರದ ಅಕ್ಷರಗಳು ಒಟ್ಟಿಗೆ ಬಂದು ಸಾಲನ್ನು ತಡೆಯುತ್ತವೆ. ಮಂದೆ ಅಂಕುಡೊಂಕಾಗಿ, ನಿಧಾನವಾಗಿ ಹುಲ್ಲುಗಾವಲನ್ನು ದಾಟುವುದು ಅರ್ಥದಲ್ಲಿರುವಷ್ಟೇ ನಾಲಗೆಯ ನಿಧಾನದಲ್ಲಿಯೂ ಇದೆ. ಪುಟವನ್ನು ನೋಡುವ ಕಣ್ಣಿಗೆ ಇದು ಕಾಣುವುದಿಲ್ಲ. ನೀವು ಆಯ್ದುಕೊಂಡ ವಾಚಕ ಇಲ್ಲಿ ನಿಧಾನಿಸದೆ ಮೊದಲ ಸಾಲಿನ ವೇಗದಲ್ಲೇ ಓಡಿದರೆ ಬೇರೆ ವಾಚಕನನ್ನು ಹುಡುಕುವುದು ಒಳ್ಳೆಯದು. ನಾಲ್ಕನೆಯ ಸಾಲಿನಲ್ಲಿ ಇದಕ್ಕೆ ವಿರುದ್ಧವಾದದ್ದು ನಡೆಯುತ್ತದೆ: ‘ಅಂಡ್ ಲೀವ್ಸ್ ದ ವರ್ಲ್ಡ್ ಟು ಡಾರ್ಕ್‌ನೆಸ್ ಅಂಡ್ ಟು ಮೀ’ ಎಂಬಲ್ಲಿ ಡಾರ್ಕ್ ಆದ ಮೇಲೆ ಮೀ ಬರುವವರೆಗೆ ನಿಜವಾದ ಭಾರದ ಅಕ್ಷರವೇ ಇಲ್ಲ. ಕತ್ತಲೆಯ ಮೇಲೆ ಒಮ್ಮೆ ಊರಿದ ದನಿ ತೇಲುತ್ತಾ ಬಂದು, ಅದುವರೆಗೆ ಕಾಣಿಸಿಕೊಳ್ಳದಿದ್ದ ಕವಿಯ ಮೇಲೆ ನೆಲೆ ನಿಲ್ಲುತ್ತದೆ.

ಮೂರನೆಯ ಕೇಳಿಕೆಗೆ ಮುಂಚೆ ನಿಘಂಟು ತೆರೆಯಬಹುದು. ಕರ್ಫ್ಯೂ ಎಂದರೆ ಇಂದಿನ ನಿಷೇಧಾಜ್ಞೆಯಲ್ಲ, ಮಧ್ಯಯುಗದಲ್ಲಿ ರಾತ್ರಿ ಬೆಂಕಿಯನ್ನು ಮುಚ್ಚಿರೆಂದು ಬಾರಿಸುತ್ತಿದ್ದ ಗಂಟೆಯಿಂದ ಉಳಿದುಬಂದ ಸಂಜೆಯ ಗಂಟೆ. ನೆಲ್ ಎಂದರೆ ಸಾವಿನ ಗಂಟೆಯ ನಾದ. ಇಷ್ಟು ತಿಳಿದು ಮತ್ತೆ ಕೇಳಿದಾಗ ಆ ಐದು ಒತ್ತುಗಳೇ ಗಂಟೆಯ ಬಡಿತಗಳಾಗಿ ಕೇಳಿಸುತ್ತವೆ. ನಾಲ್ಕನೆಯ ಸಲ ಪಠ್ಯವನ್ನು ಮುಚ್ಚಿಟ್ಟು ಕೇಳಿ, ಒಂದು ದಿನ ಬಿಟ್ಟು.

ಮೂರನೆಯ ಹಂತ: ಒಂದು ಕವಿತೆ, ಹಲವು ಕಂಠಗಳು

ಒಂದೇ ಮುದ್ರಣವನ್ನು ಕೇಳುತ್ತಿದ್ದರೆ ಆ ವಾಚಕನ ಕಂಠವೇ ಕವಿತೆ ಎಂಬ ಭಾವನೆ ಬೇರೂರುತ್ತದೆ. ಆದ್ದರಿಂದ ನಾಲ್ಕು ಕೇಳಿಕೆಗಳಾದ ಮೇಲೆ ಅದೇ ಪದ್ಯಗಳನ್ನು ಕನಿಷ್ಠ ಇನ್ನಿಬ್ಬರ ಬಾಯಲ್ಲಿ ಕೇಳಿ. ಇಲ್ಲಿ ವೃತ್ತಿಪರ ನಟರು ನೆರವಿಗೆ ಬರುತ್ತಾರೆ. ಶೇಕ್ಸ್‌ಪಿಯರನ ಸಾನೆಟ್ಟುಗಳನ್ನು ಓದಿದ ಜಾನ್ ಗೀಲ್ಗುಡ್, ಕೋಲ್‌ರಿಜ್‌ನ ಮುದಿ ನಾವಿಕನ ಕಥನಗೀತವನ್ನು ಓದಿದ ರಿಚರ್ಡ್ ಬರ್ಟನ್ ಇವರ ಮುದ್ರಣಗಳು ಪ್ರಸಿದ್ಧವಾಗಿವೆ. ಆದರೂ ಒಂದು ಎಚ್ಚರಿಕೆ ಹೇಳಬೇಕು. ಕೆಲವು ನಟರು ಪ್ರತಿ ಪದದಲ್ಲಿಯೂ ದುಃಖವನ್ನೋ ಆವೇಶವನ್ನೋ ತುಂಬುತ್ತಾರೆ. ಕೇಳುವವರಿಗೆ ಕವಿತೆಗಿಂತ ನಟನ ಭಾವವೇ ಎದ್ದು ಕಾಣುತ್ತದೆ. ನನ್ನ ಮಟ್ಟಿಗೆ, ಸಾಲಿನ ಅಳತೆಯನ್ನು ಕಾಪಾಡಿಕೊಂಡು ಅರ್ಥವನ್ನು ಸ್ಪಷ್ಟವಾಗಿ ಹೇಳುವ ತಣ್ಣನೆಯ ಓದು ಹತ್ತನೆಯ ಕೇಳಿಕೆಯಲ್ಲಿಯೂ ಹಿಡಿದು ಕೂರಿಸುತ್ತದೆ. ಅತಿಯಾದ ಭಾವದ ಓದು ಎರಡನೆಯ ಕೇಳಿಕೆಗೇ ಬಳಲಿಸುತ್ತದೆ.

ವಾಚಕನ ಯೋಗ್ಯತೆಯನ್ನು ಅಳೆಯಲು ರಾಬರ್ಟ್ ಬ್ರೌನಿಂಗ್ 1842ರಲ್ಲಿ ಪ್ರಕಟಿಸಿದ ಮೈ ಲಾಸ್ಟ್ ಡಚೆಸ್ ಉತ್ತಮ ಸಾಧನ. ಫೆರಾರದ ಡ್ಯೂಕನೊಬ್ಬ ತನ್ನ ಸತ್ತ ಹೆಂಡತಿಯ ಚಿತ್ರವನ್ನು ಅತಿಥಿಗೆ ತೋರಿಸುತ್ತಾ ಮಾತನಾಡುವ ಈ ಕವಿತೆ 56 ಸಾಲುಗಳದ್ದು, ಎರಡೆರಡು ಸಾಲುಗಳಿಗೆ ಅಂತ್ಯಪ್ರಾಸವಿದೆ. ಮೊದಲ ಎರಡು ಸಾಲುಗಳ ಕೊನೆಯಲ್ಲಿ ವಾಲ್, ಕಾಲ್ ಎಂಬ ಪದಗಳಿವೆ. ಆದರೆ ಎರಡನೆಯ ಸಾಲಿನ ವಾಕ್ಯ ಕಾಲ್ ಎಂಬಲ್ಲಿ ಮುಗಿಯದೆ ಮೂರನೆಯ ಸಾಲಿಗೆ ಹರಿದುಹೋಗುತ್ತದೆ. ಪ್ರತಿ ಸಾಲಿನ ಕೊನೆಯಲ್ಲಿ ನಿಂತು ಪ್ರಾಸವನ್ನು ಗುದ್ದಿ ಹೇಳುವವನ ಬಾಯಲ್ಲಿ ಇದು ಮಕ್ಕಳ ಪದ್ಯವಾಗುತ್ತದೆ. ಸಾಲಿನ ತುದಿಯನ್ನು ಪೂರ್ತಿ ಮರೆಸಿ ಓದುವವನ ಬಾಯಲ್ಲಿ ಬರಿಯ ಗದ್ಯವಾಗುತ್ತದೆ. ಒಳ್ಳೆಯ ವಾಚಕ ವಾಕ್ಯವನ್ನು ಹರಿಯಬಿಟ್ಟು, ಪ್ರಾಸದ ಪದದ ಮೇಲೆ ದನಿಯನ್ನು ಕೂದಲೆಳೆಯಷ್ಟು ತಡೆಹಿಡಿಯುತ್ತಾನೆ. ನಯವಾಗಿ ಮಾತನಾಡುವ ಡ್ಯೂಕನ ಹಿಂದೆ ತನ್ನ ಆಜ್ಞೆಯಿಂದ ಹೆಂಡತಿಯ ನಗುವನ್ನೇ ನಿಲ್ಲಿಸಿದವನೊಬ್ಬನಿದ್ದಾನೆ ಎಂಬುದು ನಮಗೆ ಆ ಹಿಡಿತದಲ್ಲೇ ಕೇಳಿಸುತ್ತದೆ.

ಕೆಲವು ಕಡೆ ಪ್ರಾಸವೇ ತಪ್ಪಿದಂತೆ ಕೇಳಿಸಬಹುದು. ಶೇಕ್ಸ್‌ಪಿಯರನ 116ನೆಯ ಸಾನೆಟ್ಟಿನ ಕೊನೆಯಲ್ಲಿ ಪ್ರೂವ್ಡ್ ಮತ್ತು ಲವ್ಡ್ ಜೊತೆಯಾಗಿವೆ, ಇಂದಿನ ಉಚ್ಚಾರದಲ್ಲಿ ಅವು ಕೂಡುವುದಿಲ್ಲ. ಇದು ವಾಚಕನ ತಪ್ಪಲ್ಲ. ಸಾನೆಟ್ಟುಗಳು ಅಚ್ಚಾದ 1609ರಿಂದೀಚೆಗೆ ಇಂಗ್ಲಿಷಿನ ಸ್ವರಗಳು ಬದಲಾಗಿವೆ. ಆ ಕಾಲದ ಉಚ್ಚಾರವನ್ನು ಭಾಷಾಶಾಸ್ತ್ರಜ್ಞ ಡೇವಿಡ್ ಕ್ರಿಸ್ಟಲ್ ಪುನಾರಚಿಸಿದ್ದು, ಲಂಡನ್ನಿನ ಗ್ಲೋಬ್ ರಂಗಮಂದಿರ 2004ರಲ್ಲಿ ಆ ಉಚ್ಚಾರದಲ್ಲಿ ರೋಮಿಯೋ ಮತ್ತು ಜೂಲಿಯಟ್ ನಾಟಕವನ್ನು ಆಡಿತು. ಆಸಕ್ತಿ ಇದ್ದವರು ಆ ಬಗೆಯ ವಾಚನಗಳನ್ನೂ ಕೇಳಬಹುದು.

ನಾಲ್ಕನೆಯ ಹಂತ: ಕವಿಯ ಸ್ವಂತ ದನಿ

ಇಲ್ಲಿಗೆ ಬರುವ ಹೊತ್ತಿಗೆ ಕಿವಿ ಸ್ವಲ್ಪ ಪಳಗಿರಬೇಕು, ಏಕೆಂದರೆ ಹಳೆಯ ಮುದ್ರಣಗಳಲ್ಲಿ ಸದ್ದಿನ ನಡುವೆ ದನಿಯನ್ನು ಹೆಕ್ಕಬೇಕಾಗುತ್ತದೆ. ದನಿಯನ್ನು ಮುದ್ರಿಸುವ ಎಡಿಸನ್ನನ ಮೇಣದ ಉರುಳೆಗಳಲ್ಲಿ 1889ರಲ್ಲಿ ಬ್ರೌನಿಂಗ್, 1890ರಲ್ಲಿ ಆಲ್ಫ್ರೆಡ್ ಟೆನಿಸನ್ ಓದಿದ್ದು ಇಂದಿಗೂ ಉಳಿದಿದೆ. ಬ್ರೌನಿಂಗ್ ತಮ್ಮದೇ ಕುದುರೆ ಸವಾರಿಯ ಕವಿತೆಯನ್ನು ಆರಂಭಿಸಿ, ಕೆಲವು ಸಾಲುಗಳಾಗುತ್ತಲೇ ಮರೆತು, ಕ್ಷಮೆ ಕೇಳುತ್ತಾರೆ. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ತೀರಿಕೊಂಡರು.

ಟೆನಿಸನ್ನರ ಮುದ್ರಣ ಕಲಿಯುವವರಿಗೆ ಹೆಚ್ಚು ಉಪಯುಕ್ತ. 1854ರ ಅಕ್ಟೋಬರ್ 25ರಂದು ಕ್ರಿಮಿಯಾದ ಬಾಲಕ್ಲಾವದಲ್ಲಿ ತಪ್ಪು ಆಜ್ಞೆಯಿಂದ ಫಿರಂಗಿಗಳ ಬಾಯಿಗೆ ನುಗ್ಗಿದ ಅಶ್ವದಳದ ಕುರಿತು ಅದೇ ವರ್ಷ ಬರೆದ ಚಾರ್ಜ್ ಆಫ್ ದ ಲೈಟ್ ಬ್ರಿಗೇಡ್ ಕವಿತೆಯನ್ನು ಅವರು ಎಂಬತ್ತರ ವಯಸ್ಸಿನಲ್ಲಿ ಓದಿದ್ದಾರೆ. ‘ಹಾಫ್ ಅ ಲೀಗ್, ಹಾಫ್ ಅ ಲೀಗ್’ ಎಂಬ ಆರಂಭದಲ್ಲಿ ಒತ್ತು ಮೊದಲ ಅಕ್ಷರಕ್ಕೇ ಬಿದ್ದು, ಅದರ ಹಿಂದೆ ಎರಡು ಹಗುರವಾದ ಅಕ್ಷರಗಳು ಬರುತ್ತವೆ. ಗ್ರೇಯ ಸಾಲು ಹಗುರದಿಂದ ಭಾರಕ್ಕೆ ಏರುತ್ತಿತ್ತು. ಇದು ಭಾರದಿಂದ ಹಗುರಕ್ಕೆ ಇಳಿಯುತ್ತದೆ. ಎರಡನ್ನೂ ಒಂದರ ಬೆನ್ನಿಗೆ ಒಂದರಂತೆ ಕೇಳಿದರೆ ಪುಸ್ತಕದ ವಿವರಣೆ ಹೇಳಿಕೊಡದಿದ್ದ ವ್ಯತ್ಯಾಸ ಎರಡು ನಿಮಿಷಗಳಲ್ಲಿ ತಿಳಿಯುತ್ತದೆ. ಗೊರಸಿನ ಸದ್ದನ್ನು ಟೆನಿಸನ್ ಎಷ್ಟು ಬೇಕೆಂದು ಬಯಸಿದ್ದರೆಂಬುದಕ್ಕೆ ಅವರ ಓದೇ ಸಾಕ್ಷಿ. ಇಂದಿನ ನಟರು ಅಷ್ಟು ಒತ್ತಿ ಓದಲು ಹಿಂಜರಿಯುತ್ತಾರೆ.

ಡಬ್ಲ್ಯೂ. ಬಿ. ಯೇಟ್ಸ್ 1930ರ ದಶಕದಲ್ಲಿ ಬಿಬಿಸಿಗಾಗಿ ಓದಿದ ಲೇಕ್ ಐಲ್ ಆಫ್ ಇನ್ನಿಸ್‌ಫ್ರೀ ಇನ್ನೊಂದು ತುದಿ. ಅವರು ಓದುವುದಿಲ್ಲ, ಬಹುಮಟ್ಟಿಗೆ ಮಂತ್ರದಂತೆ ಎಳೆದು ಹೇಳುತ್ತಾರೆ. ಈ ಕವಿತೆಗಳನ್ನು ಪದ್ಯವಾಗಿಸಲು ತಾವು ಬಹಳ ಕಷ್ಟಪಟ್ಟಿರುವುದರಿಂದ ಗದ್ಯದಂತೆ ಓದಲಾರೆನೆಂದು ಅವರೇ ಮುನ್ನುಡಿಯಲ್ಲಿ ಹೇಳಿದ್ದಾರೆ. ಗಮಕ ಕೇಳಿ ಬೆಳೆದ ನಮಗೆ ಯೇಟ್ಸರ ಈ ರೀತಿ ವಿಚಿತ್ರವಾಗಿ ಕಾಣಬೇಕಾಗಿಲ್ಲ. ಎಷ್ಟೋ ಇಂಗ್ಲಿಷರಿಗಿಂತ ನಾವೇ ಅದನ್ನು ಸಲೀಸಾಗಿ ಒಪ್ಪಿಕೊಳ್ಳಬಲ್ಲೆವು. ಇದರ ಜೊತೆಗೆ ವೇಲ್ಸಿನ ಡಿಲನ್ ಥಾಮಸ್ 1952ರಲ್ಲಿ ನ್ಯೂಯಾರ್ಕಿನ ಕ್ಯಾಡ್‌ಮನ್ ಧ್ವನಿಮುದ್ರಣ ಸಂಸ್ಥೆಗಾಗಿ ಓದಿದ, ತಂದೆಯ ಸಾವಿನೆದುರು ಬರೆದ ಹತ್ತೊಂಬತ್ತು ಸಾಲುಗಳ ಡು ನಾಟ್ ಗೋ ಜೆಂಟಲ್ ಇಂಟು ದಟ್ ಗುಡ್ ನೈಟ್ ಕವಿತೆಯನ್ನೂ ಕೇಳಿ. ಅದರಲ್ಲಿ ಎರಡು ಸಾಲುಗಳು ತಲಾ ನಾಲ್ಕು ಬಾರಿ ಮರಳಿ ಬರುತ್ತವೆ. ಮುದ್ರಿತ ಪುಟದಲ್ಲಿ ಅವು ಒಂದೇ ಸಾಲಿನ ಪುನರಾವರ್ತನೆ. ಥಾಮಸರ ಕಂಠದಲ್ಲಿ ಪ್ರತಿ ಸಲವೂ ಬೇರೆ ಬೇಡಿಕೆ.

ಐದನೆಯ ಹಂತ: ನಿಮ್ಮ ಬಾಯಲ್ಲಿ, ಎರಡು ಭಾಷೆಗಳಲ್ಲಿ

ಕೇಳಿದ್ದನ್ನು ಗಟ್ಟಿಯಾಗಿ ಓದಿದಾಗಲೇ ಕಿವಿಯ ಕಲಿಕೆ ನೆಲೆಗೊಳ್ಳುತ್ತದೆ. ಇಂಗ್ಲಿಷರ ಉಚ್ಚಾರವನ್ನು ಅನುಕರಿಸುವ ಅಗತ್ಯವಿಲ್ಲ. ಒತ್ತು ಸರಿಯಾದ ಅಕ್ಷರದ ಮೇಲೆ ಬೀಳಬೇಕು, ಹಗುರವಾದ ಅಕ್ಷರಗಳನ್ನು ಹಗುರವಾಗಿಯೇ ಬಿಡಬೇಕು. ಇಷ್ಟನ್ನು ಮೈಸೂರಿನ ಅಥವಾ ಧಾರವಾಡದ ಇಂಗ್ಲಿಷಿನಲ್ಲಿಯೂ ಚೆನ್ನಾಗಿ ಮಾಡಬಹುದು. ಮುದ್ರಣದ ಒಂದು ಸಾಲು ಕೇಳಿ, ನಿಲ್ಲಿಸಿ, ಅದೇ ಸಾಲನ್ನು ಹೇಳಿ, ಮೊಬೈಲಿನಲ್ಲಿ ನಿಮ್ಮ ದನಿಯನ್ನೂ ಮುದ್ರಿಸಿಕೊಂಡು ಹೋಲಿಸಿ ನೋಡಿ.

ಕನ್ನಡಿಗರಿಗೆ ಮಾತ್ರ ಒದಗಿರುವ ಒಂದು ಅಭ್ಯಾಸವೂ ಇದೆ. ಬಿ. ಎಂ. ಶ್ರೀಕಂಠಯ್ಯನವರ ‘ಇಂಗ್ಲಿಷ್ ಗೀತಗಳು’ ಸಂಕಲನದಲ್ಲಿ ಥಾಮಸ್ ಕ್ಯಾಂಬೆಲ್‌ನ ಲಾರ್ಡ್ ಅಲಿನ್ಸ್ ಡಾಟರ್ ಕಥನಗೀತ ‘ಕಾರಿಹೆಗ್ಗಡೆಯ ಮಗಳು’ ಆಗಿ ಬಂದಿದೆ. ಮೊದಲು ಕ್ಯಾಂಬೆಲ್‌ನ ಮೂಲವನ್ನು ಕೇಳಿ; ಅದರಲ್ಲಿ ನಾಲ್ಕು ಒತ್ತುಗಳ ಸಾಲು, ಮೂರು ಒತ್ತುಗಳ ಸಾಲು ಒಂದಾದ ಮೇಲೊಂದು ಬರುತ್ತವೆ. ಆಮೇಲೆ ‘ಪಡುವ ದಿಬ್ಬದ ಗೌಡನೊಬ್ಬನು’ ಎಂದು ಶ್ರೀಯವರ ಕನ್ನಡವನ್ನು ಗಟ್ಟಿಯಾಗಿ ಓದಿ: ಪಡುವ ಮೂರು ಮಾತ್ರೆ, ದಿಬ್ಬದ ನಾಲ್ಕು, ಗೌಡ ಮೂರು, ನೊಬ್ಬನು ನಾಲ್ಕು. ಒತ್ತಿನ ಲಾವಣಿಯನ್ನು ಅವರು ಭಾಮಿನಿಯ ಮೂರು-ನಾಲ್ಕರ ನಡೆಗೆ ತಂದು ನಿಲ್ಲಿಸಿದ್ದಾರೆ. ಬಿರುಗಾಳಿಯಲ್ಲಿ ಓಡಿಹೋಗುವ ಪ್ರೇಮಿಗಳ ಅವಸರ ಎರಡರಲ್ಲಿಯೂ ಇದೆ, ಆದರೆ ಅದು ಹುಟ್ಟುವ ಬಗೆ ಬೇರೆ. ನೂರು ಪುಟದ ಛಂದಶ್ಶಾಸ್ತ್ರ ಓದಿದರೂ ಇದು ಇಷ್ಟು ಚೆನ್ನಾಗಿ ಮನಸ್ಸಿಗೆ ಇಳಿಯದು.

ಆರನೆಯ ಹಂತ: ದೀರ್ಘ ಕಾವ್ಯದೊಳಕ್ಕೆ

ಸಣ್ಣ ಕವಿತೆಗಳಲ್ಲಿ ಕೆಲವು ತಿಂಗಳು ಕಳೆದ ಮೇಲೆ ಮಿಲ್ಟನ್ನನ ಪ್ಯಾರಡೈಸ್ ಲಾಸ್ಟ್ ಕಡೆಗೆ ಬರಬಹುದು. 1667ರಲ್ಲಿ ಪ್ರಕಟವಾದ ಈ ಕಾವ್ಯದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಸಾಲುಗಳಿವೆ, ಪ್ರಾಸವಿಲ್ಲ. ಅದನ್ನು ರಚಿಸುವ ಹೊತ್ತಿಗೆ ಕವಿ ಪೂರ್ತಿ ಕುರುಡನಾಗಿದ್ದ; ಸಾಲುಗಳನ್ನು ಮನಸ್ಸಿನಲ್ಲೇ ಕಟ್ಟಿ ಬೇರೆಯವರಿಂದ ಬರೆಸಿದ. ಕಿವಿಯಲ್ಲೇ ಹುಟ್ಟಿದ ಕಾವ್ಯವಾದ್ದರಿಂದ ಕಿವಿಗೇ ಅದು ಸುಲಭ. ಪುಟದ ಮೇಲೆ ಕಾಡಿನಂತೆ ತೋರುವ ವಾಕ್ಯಗಳು ವಾಚನದಲ್ಲಿ ಬಿಡಿಬಿಡಿಯಾಗಿ ತೆರೆದುಕೊಳ್ಳುತ್ತವೆ. ಮೊದಲ ವಾಕ್ಯವೇ ಹದಿನಾರು ಸಾಲುಗಳಷ್ಟು ಉದ್ದವಿದೆ, ಅದರ ಮುಖ್ಯ ಕ್ರಿಯಾಪದ ಬರುವುದು ಆರನೆಯ ಸಾಲಿನಲ್ಲಿ. ಇಂಗ್ಲಿಷ್ ಓದುಗರಿಗೆ ಇದು ತೊಡಕಾಗಬಹುದು. ಕ್ರಿಯಾಪದಕ್ಕಾಗಿ ವಾಕ್ಯದ ಕೊನೆಯವರೆಗೂ ಕಾಯುವ ಭಾಷೆಯಲ್ಲಿ ಬೆಳೆದ ನಮಗೆ ಆ ಕಾಯುವಿಕೆ ಹೊಸದಲ್ಲ. ಕುವೆಂಪು ‘ಶ್ರೀ ರಾಮಾಯಣ ದರ್ಶನಂ’ ಆರಂಭದಲ್ಲಿ ನಮಸ್ಕರಿಸುವ ಮಹಾಕವಿಗಳಲ್ಲಿ ಮಿಲ್ಟನ್ ಒಬ್ಬ. ಕುವೆಂಪು ಅವರ ದೀರ್ಘ ವಾಕ್ಯಗಳನ್ನೂ, ಸಾಲುಗಟ್ಟಲೆ ಸಾಗುವ ಮಹೋಪಮೆಗಳನ್ನೂ ಗಟ್ಟಿಯಾಗಿ ಓದಿ ರೂಢಿಯಿದ್ದವರಿಗೆ ಮಿಲ್ಟನ್ನನ ಉಸಿರಿನ ಉದ್ದ ಬೇಗ ಹೊಂದುತ್ತದೆ.

ನಟ ಆ್ಯಂಟನ್ ಲೆಸರ್ ನಾಕ್ಸೋಸ್ ಎಂಬ ಧ್ವನಿಪುಸ್ತಕ ಸಂಸ್ಥೆಗಾಗಿ ಮಾಡಿದ ಪೂರ್ಣ ವಾಚನ ಹಣ ಕೊಟ್ಟು ಕೊಳ್ಳಲು ಯೋಗ್ಯವಾದದ್ದು. ಲಿಬ್ರಿವಾಕ್ಸಿನಲ್ಲಿ ಉಚಿತ ವಾಚನವೂ ಇದೆ. ಮೊದಲ ದಿನ 26 ಸಾಲುಗಳ ಪ್ರಾರ್ಥನೆಯನ್ನು ಮಾತ್ರ, ಮೇಲೆ ಹೇಳಿದ ನಾಲ್ಕು ಬಗೆಯಲ್ಲಿ ಕೇಳಿ. ಬಳಿಕ 84ನೆಯ ಸಾಲಿನಲ್ಲಿ ಆರಂಭವಾಗುವ ಸೈತಾನನ ಮೊದಲ ಭಾಷಣಕ್ಕೆ ಹೋಗಿ, ಅದು ಮುಗಿದಲ್ಲಿ ನಿಲ್ಲಿಸಿ. ಮೊದಲ ಸರ್ಗದ 798 ಸಾಲುಗಳನ್ನು ಒಂದೇ ಬೈಠಕ್ಕಿನಲ್ಲಿ ಮುಗಿಸುವ ಹಂಬಲ ಬೇಡ. ಭಾಷಣದಿಂದ ಭಾಷಣಕ್ಕೆ, ಉಪಮೆಯಿಂದ ಉಪಮೆಗೆ ನಿಲ್ಲುತ್ತಾ ಸಾಗಿದರೆ ಒಂದು ಸರ್ಗಕ್ಕೆ ಒಂದು ವಾರ ಹಿಡಿಯಬಹುದು. ಬಸ್ಸಿನಲ್ಲೋ ಅಡುಗೆಮನೆಯಲ್ಲೋ ಕೇಳುವುದಾದರೆ, ಈಗಾಗಲೇ ಪಠ್ಯದೊಂದಿಗೆ ಒಮ್ಮೆ ಕೇಳಿದ ಭಾಗವನ್ನು ಮಾತ್ರ ಅಲ್ಲಿ ಮತ್ತೆ ಹಾಕಿಕೊಳ್ಳಿ. ಹೊಸ ಭಾಗವನ್ನು ಕೈಗೆ ಬೇರೆ ಕೆಲಸವಿಲ್ಲದ ಹೊತ್ತಿಗೆ ಉಳಿಸಿಡಿ.